ನಾಟಕಕಾರರ ಆಶ್ರಯದಾತೆ ಲೇಡಿ ಗ್ರೆಗರಿ

ನಾಟಕ ಮುಗಿದು ಮನೆಗೆ ಮರಳುವ ಪ್ರೇಕ್ಷಕನ ನಾಲಗೆಯ ಮೇಲೆ ನಟನ ಹೆಸರಿರುತ್ತದೆ. ಪ್ರೇಕ್ಷಕನು ಸ್ವಲ್ಪ ಓದಿದವನಾದರೆ ನಾಟಕಕಾರನ ಹೆಸರೂ ಇರುತ್ತದೆ. ಆದರೆ ಆ ನಾಟಕವು ಇನ್ನೂ ಕೈಬರಹದ ಕಾಗದಗಳ ಕಟ್ಟಾಗಿದ್ದಾಗ, ಬರೆದವನ ಹೆಸರನ್ನು ಊರಿನಲ್ಲಿ ಯಾರೂ ಕೇಳದಿದ್ದಾಗ, ದೀಪದ ಮುಂದೆ ಕುಳಿತು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದನ್ನು ಓದಿದವರು ಯಾರೆಂದು ಯಾರೂ ವಿಚಾರಿಸುವುದಿಲ್ಲ. ಸಾಹಿತ್ಯದ ಚರಿತ್ರೆಯಲ್ಲಿ ಇಂಥ ಮೊದಲ ಓದುಗರ ಸ್ಥಾನ ಬಹು ದೊಡ್ಡದು. ಅವರಿಗೆ ದೊರೆತ ಕೀರ್ತಿ ಮಾತ್ರ ಬಹು ಚಿಕ್ಕದು. ಐರ್ಲೆಂಡಿನ ಲೇಡಿ ಗ್ರೆಗರಿ ಅಂಥ ಮಹನೀಯರಲ್ಲಿ ಅಗ್ರಗಣ್ಯರು.

ಈಕೆಯ ಹೆಸರು ನನಗೆ ಪರಿಚಯವಾದುದು ಆಕಸ್ಮಿಕವಾಗಿ. ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿದ್ದಾಗ ಕಾಲೇಜು ದಿನೋತ್ಸವಕ್ಕೆ ಆಡಬಹುದಾದ ಏಕಾಂಕವೊಂದನ್ನು ಹುಡುಕುತ್ತ ನಮ್ಮ ಪುಸ್ತಕ ಭಂಡಾರದ ಕಪಾಟಿನ ಮುಂದೆ ನಿಂತಿದ್ದೆ. ಬೆನ್ನು ಹರಿದ ಹಳೆಯ ಇಂಗ್ಲಿಷ್ ಸಂಕಲನವೊಂದರಲ್ಲಿ 'ದಿ ರೈಸಿಂಗ್ ಆಫ್ ದಿ ಮೂನ್' ಎಂಬ ಪುಟ್ಟ ನಾಟಕ ಸಿಕ್ಕಿತು. ಬಹುಮಾನದ ಆಸೆಯಿಂದ ತಲೆತಪ್ಪಿಸಿಕೊಂಡ ಕೈದಿಯೊಬ್ಬನಿಗಾಗಿ ಕಾದು ಕುಳಿತ ಪೋಲೀಸಿನವನು ಕೊನೆಗೆ ಅವನನ್ನೇ ತನ್ನ ಕೈಯಾರೆ ಬಿಟ್ಟುಕಳುಹಿಸುವ ಕಥೆ ಅದು. ನಿಂತಲ್ಲೇ ಓದಿ ಮುಗಿಸಿದೆ. ಬರೆದವರು ಯಾರೆಂದು ನೋಡಿದರೆ ಒಬ್ಬ ಹೆಂಗಸು; ಅದರಲ್ಲಿಯೂ ಜಮೀನ್ದಾರರ ಮನೆತನದ ವಿಧವೆ; ಮೊದಲ ನಾಟಕ ಬರೆಯುವ ಹೊತ್ತಿಗೆ ಐವತ್ತು ವರ್ಷ ಸಮೀಪಿಸಿದ್ದವರು. ಈ ವಿಚಿತ್ರವು ನನ್ನ ಕುತೂಹಲವನ್ನು ಕೆರಳಿಸಿತು. ಅಂದಿನಿಂದ ಓದಿ ತಿಳಿದುದನ್ನು ಈ ಸಂಚಿಕೆಯ ಮೂಲಕ ಸಹಪಾಠಿಗಳ ಮತ್ತು ಗುರುಗಳ ಮುಂದಿಡಲು ಯತ್ನಿಸುತ್ತೇನೆ.

ಇಸಾಬೆಲಾ ಆಗಸ್ಟಾ ಪರ್ಸ್ ಎಂಬುದು ಆಕೆಯ ತೌರುಮನೆಯ ಹೆಸರು. 1852ನೆಯ ಇಸವಿ ಮಾರ್ಚ್ 15ರಂದು ಐರ್ಲೆಂಡಿನ ಪಶ್ಚಿಮ ಭಾಗದ ಗಾಲ್ವೇ ಪ್ರಾಂತದಲ್ಲಿ, ರಾಕ್ಸ್‌ಬರೋ ಎಂಬ ದೊಡ್ಡ ಜಮೀನ್ದಾರಿ ಮನೆಯಲ್ಲಿ ಜನಿಸಿದರು. ತುಂಬಿದ ಸಂಸಾರ; ಹೆಣ್ಣುಮಕ್ಕಳಲ್ಲಿ ಈಕೆಯೇ ಕಡೆಯವರು. ಗಂಡುಮಕ್ಕಳಿಗೆ ಬೇಟೆ, ಕುದುರೆ. ಹೆಣ್ಣುಮಕ್ಕಳಿಗೆ ಬೈಬಲ್ಲು, ಕಸೂತಿ. ಶಾಲೆಯ ಮೆಟ್ಟಿಲು ಹತ್ತುವ ಭಾಗ್ಯ ಆಕೆಗಿರಲಿಲ್ಲ. ಮನೆಯಲ್ಲಿಯೇ ಅಷ್ಟಿಷ್ಟು ಪಾಠವಾಯಿತು. ಆದರೆ ಆ ಮನೆಯಲ್ಲಿ ಮೇರಿ ಷೆರಿಡನ್ ಎಂಬ ಮುದಿ ದಾದಿಯಿದ್ದಳು. ಅವಳು ಐರಿಷ್ ಭಾಷೆ ಬಲ್ಲವಳು, ಹಳ್ಳಿಯ ಕಥೆಗಳ ಕಣಜ. ಒಡೆಯರ ಮನೆಯ ಮಗು ಆಳಿನ ಬಾಯಿಂದ ಕಥೆ ಕೇಳಿತು. ಆ ದಾದಿಯು ಬಿತ್ತಿದ ಬೀಜವು ಮೊಳೆಯಲು ನಲವತ್ತು ವರ್ಷ ಹಿಡಿಯಿತು.

1880ರಲ್ಲಿ ಆಕೆಗೆ ಸರ್ ವಿಲಿಯಂ ಗ್ರೆಗರಿಯವರೊಡನೆ ವಿವಾಹವಾಯಿತು. ವರನು ವಧುವಿಗಿಂತ 35 ವರ್ಷ ಹಿರಿಯ. ಸಿಂಹಳದ ಗವರ್ನರಾಗಿ 1872ರಿಂದ 1877ರವರೆಗೆ ಆಳಿ ಬಂದವರು; ಕಲಾಭಿಮಾನಿಗಳು; ಗಾಲ್ವೇ ಪ್ರಾಂತದ ಕೂಲ್ ಎಂಬಲ್ಲಿ ಅವರ ಬಂಗಲೆ, ಪುಸ್ತಕ ಭಂಡಾರ, ಕಾಡು, ಕೆರೆ ಎಲ್ಲವೂ ಇದ್ದವು. ಇಷ್ಟನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ. ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ನಾಶವಾಗಿ ಘೋರ ಕ್ಷಾಮ ಬಂದಾಗ, ಕಾಲು ಎಕರೆಗಿಂತ ಹೆಚ್ಚು ಭೂಮಿಯುಳ್ಳ ಗೇಣಿದಾರನಿಗೆ ಸರ್ಕಾರದ ಪರಿಹಾರ ದೊರೆಯಕೂಡದೆಂಬ ನಿಬಂಧನೆಯನ್ನು 1847ರಲ್ಲಿ ಪಾರ್ಲಿಮೆಂಟಿನಲ್ಲಿ ಸೂಚಿಸಿದವರು ಇದೇ ವಿಲಿಯಂ ಗ್ರೆಗರಿ. ಹೊಟ್ಟೆಗೆ ಬೇಕಾದರೆ ಹೊಲ ಬಿಡಬೇಕು; ಹೊಲ ಬೇಕಾದರೆ ಹಸಿದು ಸಾಯಬೇಕು. ಆ ನಿಬಂಧನೆಯು ಅವರ ಹೆಸರಿನಿಂದಲೇ ಚರಿತ್ರೆಯಲ್ಲಿ ಉಳಿದಿದೆ. ಆ ಹೆಸರನ್ನೇ ಹೊತ್ತ ಹೆಂಗಸು ಮುಂದೆ ಅದೇ ಬಡವರ ಮಾತನ್ನು, ಅದೇ ಬಡವರ ಮಕ್ಕಳನ್ನು ರಂಗಭೂಮಿಯ ಮೇಲೆ ತಂದು ನಿಲ್ಲಿಸಿದ್ದು ಕಾಲದ ಮಹಿಮೆಯೆನ್ನಬೇಕು.

1892ರಲ್ಲಿ ಪತಿ ತೀರಿಕೊಂಡರು. ಆಗ ಆಕೆಗೆ ನಲವತ್ತು ವರ್ಷ; ರಾಬರ್ಟನೆಂಬ ಒಬ್ಬನೇ ಮಗ. ಅಂದು ತೊಟ್ಟ ಕಪ್ಪು ಉಡುಪನ್ನು ಆಕೆ ಕಡೆಯವರೆಗೂ ಬಿಡಲಿಲ್ಲ. ಆ ಕಾಲದಲ್ಲಿ ಅಂಥ ಮನೆತನದ ವಿಧವೆಯ ಬಾಳು ಅಲ್ಲಿಗೆ ಮುಗಿದಂತೆಯೇ ಸರಿ. ಆಕೆಯ ನಿಜವಾದ ಬಾಳು ಅಲ್ಲಿಂದಲೇ ಆರಂಭವಾಯಿತು. ಐರಿಷ್ ಭಾಷೆಯನ್ನು ವ್ಯಾಕರಣ ಪುಸ್ತಕ ಹಿಡಿದು ಕಲಿತರು. ಗುಡಿಸಲು ಗುಡಿಸಲಿಗೆ ನಡೆದು ಹೋಗಿ, ಅನಾಥಾಲಯದ ಮುದುಕರ ಪಕ್ಕದಲ್ಲಿ ಕುಳಿತು ಕಥೆಗಳನ್ನು ಬರೆದುಕೊಂಡರು. ಹೀಗೆ ಕೂಡಿಬಂದ ವೀರಗಾಥೆಗಳನ್ನು ಹಳ್ಳಿಗರ ಇಂಗ್ಲಿಷ್ ಧಾಟಿಯಲ್ಲಿಯೇ ನಿರೂಪಿಸಿ 1902ರಲ್ಲಿಯೂ 1904ರಲ್ಲಿಯೂ ಎರಡು ದೊಡ್ಡ ಗ್ರಂಥಗಳನ್ನು ಪ್ರಕಟಿಸಿದರು. ವಿದ್ಯಾವಂತರು ನಗುತ್ತಿದ್ದ ಆಡುಮಾತಿನಲ್ಲಿ ಸಾಹಿತ್ಯ ಹುಟ್ಟಬಲ್ಲುದೆಂದು ಇದರಿಂದ ಸಿದ್ಧವಾಯಿತು. ಮನೆಯಲ್ಲಿ ಒಂದು ಮಾತು, ತರಗತಿಯಲ್ಲಿ ಇನ್ನೊಂದು ಮಾತು ಆಡಿ ಬೆಳೆದ ನಮ್ಮಂಥವರಿಗೆ ಇದರ ಬೆಲೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

1897ರ ಬೇಸಗೆಯಲ್ಲಿ ಒಂದು ದಿನ ಸಮುದ್ರತೀರದ ಡೂರಸ್ ಎಂಬ ಮನೆಯಲ್ಲಿ ಮೂವರು ಮಾತನಾಡುತ್ತ ಕುಳಿತಿದ್ದರು: ಲೇಡಿ ಗ್ರೆಗರಿ, ನೆರೆಯ ಜಮೀನ್ದಾರ ಎಡ್ವರ್ಡ್ ಮಾರ್ಟಿನ್, ಮತ್ತು ತರುಣ ಕವಿ ಯೇಟ್ಸ್. ಡಬ್ಲಿನ್ನಿನ ನಾಟಕಶಾಲೆಗಳಿಗೆ ಇಂಗ್ಲೆಂಡಿನಿಂದ ಬರುತ್ತಿದ್ದ ಸಂಚಾರಿ ಕಂಪೆನಿಗಳ ಆಟವೇ ಗತಿ. ಐರಿಷ್ ಮನುಷ್ಯನೆಂದರೆ ಅಲ್ಲಿ ಕುಡುಕ ವಿದೂಷಕ. ತಮ್ಮದೇ ಆದ ನಾಟಕಗಳನ್ನು ಬರೆದು ಆಡಿಸಬೇಕೆಂದು ಕವಿ ಹೇಳಿದರು. ಹಣವೆಲ್ಲಿ ಎಂದು ಕೈಚೆಲ್ಲಿದರು. ಲೇಡಿ ಗ್ರೆಗರಿ ಕೈಚೆಲ್ಲಲಿಲ್ಲ. ಗೊತ್ತಿದ್ದ ಶ್ರೀಮಂತರಿಗೂ ಗಣ್ಯರಿಗೂ ಕಾಗದ ಬರೆದು ನಷ್ಟಭರ್ತಿಯ ವಾಗ್ದಾನಗಳನ್ನು ಸಂಗ್ರಹಿಸಿದರು. ಪರವಾನೆಯಿಲ್ಲದ ಕಡೆ ಹಣ ತೆಗೆದುಕೊಂಡು ನಾಟಕವಾಡುವುದನ್ನು ಡಬ್ಲಿನ್ನಿನ ಹಳೆಯ ಕಾನೂನು ತಡೆಯುತ್ತಿತ್ತು; ಪ್ರಭಾವಿಗಳ ನೆರವಿನಿಂದ 1898ರಲ್ಲಿ ಅದಕ್ಕೂ ತಿದ್ದುಪಡಿಯಾಯಿತು. 1899ರ ಮೇ 8ರಂದು ಐರಿಷ್ ಸಾಹಿತ್ಯ ರಂಗಭೂಮಿಯ ಮೊದಲ ಪ್ರದರ್ಶನ ನಡೆಯಿತು. ಕನಸು ಕವಿಯದು, ಅದಕ್ಕೆ ಕಾಲು ಕೊಟ್ಟವರು ಆಕೆ.

ಯೇಟ್ಸರು ಇಂದು ಜಗದ್ವಿಖ್ಯಾತರು. 1923ರ ನೊಬೆಲ್ ಬಹುಮಾನ ಪಡೆದವರು. 1897ರಲ್ಲಿ ಅವರ ಸ್ಥಿತಿ ಹಾಗಿರಲಿಲ್ಲ. ಮೂವತ್ತು ದಾಟಿದ ತರುಣ. ಸಾಲದ ಕಾಟ, ಕಣ್ಣಿನ ದೌರ್ಬಲ್ಯ, ಪ್ರೇಮಭಂಗ. ಹೊಟ್ಟೆಪಾಡಿಗೆ ಪತ್ರಿಕೆಗಳಿಗೆ ಬರೆಯುತ್ತ ಕವಿತೆ ಹಿಂದೆ ಬಿದ್ದಿತ್ತು. ಲೇಡಿ ಗ್ರೆಗರಿ ಅವರನ್ನು ಕೂಲ್ ಮನೆಗೆ ಕರೆದೊಯ್ದು ಒಂದು ಕೋಣೆ, ಒಂದು ಮೇಜು, ಹೊತ್ತಿಗೆ ಸರಿಯಾದ ಊಟ, ಮತ್ತು ಯಾರೂ ಬಾಗಿಲು ತಟ್ಟದ ಬೆಳಗಿನ ಗಂಟೆಗಳನ್ನು ಕೊಟ್ಟರು. ಪತ್ರಿಕೆಯ ಕೂಲಿ ಕೆಲಸ ಬಿಡಲೆಂದು ಸ್ವಲ್ಪ ಸ್ವಲ್ಪವಾಗಿ ಹಣ ಕೊಡುತ್ತ ಬಂದರು. ಅದು ಬೆಳೆದು 500 ಪೌಂಡುಗಳಾಯಿತು. ಅಮೆರಿಕದ ಉಪನ್ಯಾಸ ಪ್ರವಾಸದಿಂದ ಬಂದ ಸಂಪಾದನೆಯಲ್ಲಿ ಯೇಟ್ಸರು ಅದನ್ನು ಬಹುಕಾಲದ ಮೇಲೆ ತೀರಿಸಿದರು. ಸುಮಾರು ಇಪ್ಪತ್ತು ಬೇಸಗೆಗಳು ಅವರು ಅಲ್ಲಿ ಕಳೆದರು. ಡಗ್ಲಸ್ ಹೈಡ್ ಎಂಬ ವಿದ್ವಾಂಸರು ಐರಿಷ್ ಭಾಷೆಯಲ್ಲಿ ನಾಟಕ ಬರೆದುದೂ ಇದೇ ಮನೆಯಲ್ಲಿ. ಅವುಗಳನ್ನು ಇಂಗ್ಲಿಷಿಗೆ ತಂದವರು ಲೇಡಿ ಗ್ರೆಗರಿ. ಹೈಡರು 1938ರಲ್ಲಿ ಐರ್ಲೆಂಡಿನ ಪ್ರಥಮ ಅಧ್ಯಕ್ಷರಾದರು.

ಆಶ್ರಯವೆಂದರೆ ಅನ್ನ, ಹಣ ಇಷ್ಟೇ ಅಲ್ಲ. ಯೇಟ್ಸರು ಹೇಳುತ್ತಿದ್ದುದನ್ನು ಬರೆದುಕೊಳ್ಳುವುದು, ಬೆರಳಚ್ಚು ಮಾಡುವುದು, ಹಳ್ಳಿಗರ ಬಾಯಲ್ಲಿ ಈ ಮಾತು ಹೀಗೆ ಬಾರದೆಂದು ತಿದ್ದುವುದು, ಇವೆಲ್ಲವನ್ನೂ ಆಕೆ ಮಾಡಿದರು. 1902ರಲ್ಲಿ ಪ್ರದರ್ಶಿತವಾದ 'ಕ್ಯಾಥಲೀನ್ ನಿ ಹೂಲಿಹಾನ್' ಎಂಬ ಏಕಾಂಕವು ಡಬ್ಲಿನ್ನಿನ ತರುಣರಲ್ಲಿ ದೇಶಾಭಿಮಾನದ ಕಿಡಿ ಹೊತ್ತಿಸಿತು. ಮುದುಕಿಯ ವೇಷದಲ್ಲಿ ಬರುವ ತಾಯ್ನಾಡು ಮದುವೆಗೆ ಸಿದ್ಧನಾದ ತರುಣನನ್ನು ಕರೆದೊಯ್ಯುವ ಕಥೆ ಅದರದು. ಅದು ಯೇಟ್ಸರ ಹೆಸರಿನಲ್ಲಿ ಪ್ರಸಿದ್ಧವಾಯಿತು. ಆದರೆ ಅದರಲ್ಲಿಯ ರೈತನ ಮನೆಯ ಸಂಭಾಷಣೆಯೆಲ್ಲ ಲೇಡಿ ಗ್ರೆಗರಿಯವರದೆಂಬುದು ಅವರ ಹಸ್ತಪ್ರತಿಗಳಿಂದ ಸಂಶೋಧಕರಿಗೆ ತಿಳಿದುಬಂದಿದೆ. ಜೀವಮಾನದಲ್ಲಿ ಆಕೆ ಈ ಬಗ್ಗೆ ಬಹಿರಂಗವಾಗಿ ಹಕ್ಕು ಸಾಧಿಸಲಿಲ್ಲ. ಇದನ್ನು ತ್ಯಾಗವೆಂದು ಹೊಗಳುವವರುಂಟು. ನನಗಾದರೋ ಇದು ಪೂರ್ಣವಾಗಿ ಒಪ್ಪಿಗೆಯಾಗದು. ಆಶ್ರಯ ಕೊಟ್ಟವರು ತಮ್ಮ ಪಾಲಿನ ದುಡಿಮೆಯನ್ನು ಅಳಿಸಿಕೊಳ್ಳಬೇಕೆಂಬುದು, ಅದರಲ್ಲಿಯೂ ಹೆಂಗಸಾದವರು ಅಳಿಸಿಕೊಳ್ಳಬೇಕೆಂಬುದು, ಒಳ್ಳೆಯ ಪದ್ಧತಿಯಲ್ಲ.

ಈ ನಡುವೆ ಫೇ ಸಹೋದರರೆಂಬ ಇಬ್ಬರು ಡಬ್ಲಿನ್ನಿನಲ್ಲಿ ಹವ್ಯಾಸಿ ನಟರ ತಂಡ ಕಟ್ಟಿದ್ದರು. ಒಬ್ಬನು ಗುಮಾಸ್ತೆ, ಇನ್ನೊಬ್ಬನು ವಿದ್ಯುತ್ ಕೆಲಸಗಾರ. ಹಗಲೆಲ್ಲ ಕಚೇರಿ, ಅಂಗಡಿಗಳಲ್ಲಿ ದುಡಿದು ರಾತ್ರಿ ಅಭ್ಯಾಸ ಮಾಡುತ್ತಿದ್ದ ಈ ನಟರೂ, ಕೂಲ್ ಮನೆಯ ಬರಹಗಾರರೂ ಒಂದಾದರು. ಇಂಗ್ಲೆಂಡಿನ ಚಹಾ ವ್ಯಾಪಾರಿಯ ಮಗಳು ಆನಿ ಹಾರ್ನಿಮನ್ ಎಂಬಾಕೆ ಆಬಿ ಬೀದಿಯ ಹಳೆಯ ಸಭಾಭವನವನ್ನೂ ಪಕ್ಕದ ಕಟ್ಟಡವನ್ನೂ ದುರಸ್ತಿ ಮಾಡಿಸಿ ನಾಟಕಶಾಲೆಯನ್ನು ಒದಗಿಸಿಕೊಟ್ಟರು. ಆ ಪಕ್ಕದ ಕಟ್ಟಡವು ಮೊದಲು ಹೆಣಗಳನ್ನಿಡುವ ಶವಾಗಾರವಾಗಿತ್ತಂತೆ! ಹಾರ್ನಿಮನ್ ಐರ್ಲೆಂಡಿನ ನಿವಾಸಿಯಲ್ಲವಾದ್ದರಿಂದ ಸರ್ಕಾರದ ಪರವಾನೆಯು ಲೇಡಿ ಗ್ರೆಗರಿಯವರ ಹೆಸರಿಗೇ ಆಯಿತು. 1904ರ ಡಿಸೆಂಬರ್ 27ರಂದು ಆಬಿ ನಾಟಕಶಾಲೆಯ ಬಾಗಿಲು ತೆರೆಯಿತು. ಅಂದು ಆಡಿದ ನಾಟಕಗಳಲ್ಲಿ ಲೇಡಿ ಗ್ರೆಗರಿಯವರ 'ಸ್ಪ್ರೆಡಿಂಗ್ ದಿ ನ್ಯೂಸ್' ಎಂಬ ಪ್ರಹಸನವೂ ಒಂದು. ಯೇಟ್ಸರ ಗಂಭೀರ ಪದ್ಯನಾಟಕಗಳ ಜೊತೆಗೆ ಜನರನ್ನು ನಗಿಸುವ ನಾಟಕ ಬೇಕಾಗಿತ್ತು, ಬರೆಯುವವರು ಬೇರೆ ಯಾರೂ ಇರಲಿಲ್ಲ, ತಾವೇ ಬರೆದರು. ಹೀಗೆ ಅವಶ್ಯಕತೆಗಾಗಿ ಬರೆಯತೊಡಗಿದವರು ಮುಂದೆ ಹತ್ತಾರು ನಾಟಕಗಳನ್ನು ಕೊಟ್ಟರು.

ಆಬಿಯ ಮೊದಲ ದೊಡ್ಡ ಅಗ್ನಿಪರೀಕ್ಷೆ ಸಿಂಜರಿಂದ ಬಂದಿತು. ಸಿಂಜ್ ಮಿತಭಾಷಿ, ರೋಗಿಷ್ಠ, ಯಾರಿಗೂ ತಿಳಿಯದ ಲೇಖಕ. ಅವರ 'ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್' 1907ರ ಜನವರಿ 26ರಂದು ರಂಗಕ್ಕೆ ಬಂತು. ತಂದೆಯನ್ನು ಕೊಂದೆನೆಂದು ಜಂಬ ಕೊಚ್ಚಿದ ಹುಡುಗನನ್ನು ಹಳ್ಳಿಯು ವೀರನೆಂದು ಮೆರೆಸುವ ಕಥೆ. ಐರಿಷ್ ಜನತೆಗೆ ಅವಮಾನವಾಯಿತೆಂದು ಪ್ರೇಕ್ಷಕರು ರೇಗಿದರು. ಮೊದಲಂಕ ಚೆನ್ನಾಗಿ ನಡೆಯಿತೆಂದು ಸ್ಕಾಟ್ಲೆಂಡಿನಲ್ಲಿದ್ದ ಯೇಟ್ಸರಿಗೆ ಲೇಡಿ ಗ್ರೆಗರಿ ತಂತಿ ಕಳುಹಿಸಿದ್ದರು. ಆಟ ಮುಗಿಯುವ ಮೊದಲೇ ಗಲಭೆಯೆದ್ದು ಎರಡನೆಯ ತಂತಿ ಹೋಯಿತು. ಮುಂದಿನ ರಾತ್ರಿಗಳಲ್ಲಿ ಕೂಗು, ಶಿಳ್ಳು, ಕಹಳೆಗಳ ಗದ್ದಲದಲ್ಲಿ ಒಂದು ಮಾತೂ ಕೇಳಿಸದಂತಾಯಿತು, ಪೋಲೀಸರೂ ಬಂದರು. ಆದರೂ ಗೊತ್ತುಮಾಡಿದಷ್ಟು ದಿನಗಳೂ ನಾಟಕ ನಡೆದೇ ತೀರಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಲೇಡಿ ಗ್ರೆಗರಿಯವರಿಗೆ ಸ್ವತಃ ಆ ನಾಟಕ ಹಿಡಿಸಿರಲಿಲ್ಲ. ತಮಗೆ ಪ್ರಿಯವಾದುದರ ಪಕ್ಷ ವಹಿಸುವುದು ಸುಲಭ. ತಮಗೆ ಹಿಡಿಸದ ನಾಟಕವೂ ಪೂರ್ತಿಯಾಗಿ ಕೇಳಿಸಬೇಕೆಂದು ನಿಲ್ಲುವುದು ಕಠಿಣ. ಆಕೆ ನಿಂತರು. ಸಿಂಜ್ 1909ರಲ್ಲಿ, ಇನ್ನೂ 37ರ ವಯಸ್ಸಿನಲ್ಲಿ, ಕಾಲವಾದರು.

ಅದೇ 1909ರಲ್ಲಿ ಇಂಗ್ಲೆಂಡಿನಲ್ಲಿ ನಿಷೇಧಿತವಾದ ಬರ್ನಾರ್ಡ್ ಷಾ ಅವರ ನಾಟಕವೊಂದನ್ನು ಆಬಿ ಆಡಹೊರಟಾಗ, ಪರವಾನೆಯನ್ನೇ ಕಿತ್ತುಕೊಳ್ಳುವುದಾಗಿ ಸರ್ಕಾರ ಹೆದರಿಸಿತು. ಪರವಾನೆ ಆಕೆಯ ಹೆಸರಿನಲ್ಲಿತ್ತೆಂಬುದನ್ನು ನೆನೆಯಿರಿ. ಆಕೆ ಬಗ್ಗಲಿಲ್ಲ, ನಾಟಕ ನಡೆಯಿತು, ಯಾವ ಅನಾಹುತವೂ ಆಗಲಿಲ್ಲ. 1911ರಲ್ಲಿ ಅರುವತ್ತರ ಅಂಚಿನಲ್ಲಿದ್ದ ಆಕೆ ನಟರೊಡನೆ ಅಮೆರಿಕಕ್ಕೆ ಹೋದರು. ಅಲ್ಲಿಯೂ ಸಿಂಜರ ನಾಟಕಕ್ಕೆ ವಿರೋಧ. ಆಕೆಗೆ ಕೊಲೆಯ ಬೆದರಿಕೆಯ ಪತ್ರ. 1912ರ ಜನವರಿಯಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ನಟರ ಬಂಧನ. ಮೊಕದ್ದಮೆ ವಜಾ ಆಯಿತು, ಪ್ರವಾಸ ಮುಂದುವರಿಯಿತು. 1913ರ ಮೇ ತಿಂಗಳಿನಲ್ಲಿ ನಮ್ಮ ರವೀಂದ್ರರ 'ಅಂಚೆಮನೆ' ನಾಟಕವೂ ಇಂಗ್ಲಿಷ್ ರೂಪದಲ್ಲಿ ಇದೇ ಆಬಿ ರಂಗದ ಮೇಲೆ ಬಂದಿತು. ರವೀಂದ್ರರಿಗೆ ನೊಬೆಲ್ ಬಹುಮಾನ ಬಂದುದು ಅದಾದ ಕೆಲವು ತಿಂಗಳ ಮೇಲೆ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ತರುಣರ ತಪ್ಪನ್ನು ಹೊರುವ ಗುಣವೂ ಆಕೆಯಲ್ಲಿತ್ತು. 1910ರ ಮೇ ತಿಂಗಳಿನಲ್ಲಿ ಏಳನೆಯ ಎಡ್ವರ್ಡ್ ದೊರೆ ತೀರಿಕೊಂಡಾಗ ಇತರ ನಾಟಕಶಾಲೆಗಳು ಮುಚ್ಚಿದವು, ಆಬಿ ಮುಚ್ಚಲಿಲ್ಲ. ವ್ಯವಸ್ಥಾಪಕರಾಗಿದ್ದ ಲೆನಾಕ್ಸ್ ರಾಬಿನ್ಸನ್ ಎಂಬ ತರುಣ ನಾಟಕಕಾರರಿಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ಮುಚ್ಚಬೇಕೆಂಬ ಲೇಡಿ ಗ್ರೆಗರಿಯವರ ತಂತಿ ತಡವಾಗಿ ತಲಪಿತ್ತು. ಹಾರ್ನಿಮನ್ ಕುಪಿತರಾಗಿ ತಮ್ಮ ನೆರವನ್ನು ನಿಲ್ಲಿಸಿದರು. ನಾಟಕಶಾಲೆಯ ನಿರ್ದೇಶಕರು ವಿಷಾದ ಸೂಚಿಸಿದರೇ ಹೊರತು ಹುಡುಗನನ್ನು ಬಲಿಗೊಡಲಿಲ್ಲ. ಆ ರಾಬಿನ್ಸನ್ ಮುಂದೆ ಆಬಿಯ ಆಧಾರಸ್ತಂಭಗಳಲ್ಲಿ ಒಬ್ಬರಾದರು.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಷಾನ್ ಓಕೇಸಿ 1880ರಲ್ಲಿ ಡಬ್ಲಿನ್ನಿನ ಬಡ ಕುಟುಂಬದಲ್ಲಿ ಹುಟ್ಟಿದವರು. ಬಾಲ್ಯದಿಂದಲೂ ಕಣ್ಣಿನ ಬೇನೆ, ಶಾಲೆ ಅಷ್ಟಕ್ಕಷ್ಟೆ, ಗುದ್ದಲಿ ಹಿಡಿದು ಕೂಲಿ ಮಾಡುತ್ತ, ಹಳೆಯ ಪುಸ್ತಕಗಳನ್ನು ಓದುತ್ತ ಬೆಳೆದರು. ನಲವತ್ತರ ಸುಮಾರಿಗೆ ಆಬಿಗೆ ನಾಟಕ ಕಳುಹಿಸಿದರು, ತಿರಸ್ಕೃತವಾಯಿತು. ಇನ್ನೊಂದು ಕಳುಹಿಸಿದರು, ಅದೂ ತಿರಸ್ಕೃತ. ಮೂರನೆಯದೂ ಹಿಂದಿರುಗಿತು. ಇಷ್ಟಾದರೂ ಅವರು ಎದೆಗುಂದದಿರಲು ಕಾರಣವೇನು? ನಾಟಕಗಳು ಬರಿದಾಗಿ ಹಿಂದಿರುಗಲಿಲ್ಲ. ಓದಿದವರ ಅಭಿಪ್ರಾಯದೊಡನೆ ಹಿಂದಿರುಗಿದವು. ಲೇಡಿ ಗ್ರೆಗರಿ ಅವರನ್ನು ಕಂಡಾಗ ನಿಮ್ಮ ಶಕ್ತಿಯಿರುವುದು ಪಾತ್ರಗಳ ಸೃಷ್ಟಿಯಲ್ಲಿ ಎಂದು ಸ್ಪಷ್ಟವಾಗಿ ತಿಳಿಸಿದರು. ಸಿದ್ಧಾಂತಗಳ ಗೋಜನ್ನು ಬಿಟ್ಟು, ತಮ್ಮ ಕೇರಿಯಲ್ಲಿ ಕಂಡ ಮನುಷ್ಯರನ್ನೇ ಓಕೇಸಿ ಬರೆಯತೊಡಗಿದರು. 1923ರ ಏಪ್ರಿಲ್‌ನಲ್ಲಿ 'ದಿ ಷ್ಯಾಡೋ ಆಫ್ ಎ ಗನ್‌ಮನ್' ಆಬಿಯಲ್ಲಿ ಆಡಲ್ಪಟ್ಟಿತು. ಕಡೆಯ ರಾತ್ರಿ ಜಾಗವಿಲ್ಲದೆ ಜನ ಹಿಂದಿರುಗಿದರು. 1924ರ ಮಾರ್ಚಿಯಲ್ಲಿ 'ಜೂನೋ ಅಂಡ್ ದಿ ಪೇಕಾಕ್'. ಸಾಲದಲ್ಲಿ ಮುಳುಗುತ್ತಿದ್ದ ನಾಟಕಶಾಲೆಗೆ ಅದು ಉಸಿರು ಕೊಟ್ಟಿತು. ಆ ವರ್ಷ ಕೂಲಿಕಾರನು ಕೂಲ್ ಮನೆಗೆ ಅತಿಥಿಯಾಗಿ ಹೋದನು. ಎಪ್ಪತ್ತೆರಡು ವರ್ಷದ ಮುದುಕಿಯೂ ನಲವತ್ತನಾಲ್ಕು ವರ್ಷದ ಹೊಸ ನಾಟಕಕಾರನೂ ಕಾಡಿನಲ್ಲಿ ತಿರುಗಾಡಿ, ರಾತ್ರಿ ದೀಪದ ಬೆಳಕಿನಲ್ಲಿ ಪುಸ್ತಕ ಓದಿ ಸ್ನೇಹಿತರಾದರು.

ಇದನ್ನು ಓದಿದಾಗ ನನ್ನದೇ ಒಂದು ಸಣ್ಣ ಅನುಭವ ನೆನಪಾಗದೆ ಇರಲಿಲ್ಲ. ಹಿಂದೆ ಹೇಳಿದ ಕಾಲೇಜು ದಿನೋತ್ಸವಕ್ಕೆ ಕಡೆಗೆ ನಾನೇ ಒಂದು ಏಕಾಂಕ ಬರೆದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲೇರಿದವನು ನಾನೇ ಮೊದಲಿಗ. ತಾಯಿ ಇಂದಿಗೂ ಹೆಬ್ಬೆಟ್ಟು ಒತ್ತುವವರು. ಬರೆದುದು ನಾಟಕವೋ ಅಲ್ಲವೋ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಮೊದಲು ಒಂದು ಪತ್ರಿಕೆಗೆ ಕಳುಹಿಸಿದೆ. ಉತ್ತರವಿಲ್ಲ, ಹಸ್ತಪ್ರತಿಯೂ ಇಲ್ಲ. ಎರಡನೆಯ ಪ್ರತಿಯನ್ನು ಅಧ್ಯಾಪಕರೊಬ್ಬರಿಗೆ ಕೊಟ್ಟೆ. ಎಂಟು ದಿನಗಳ ಮೇಲೆ ಅವರು ಅದನ್ನು ಹಿಂದಿರುಗಿಸಿದರು, ಆಡಲು ತಕ್ಕುದಲ್ಲವೆಂದರು. ಆದರೆ ಪ್ರತಿಯೊಂದು ಪುಟದ ಅಂಚಿನಲ್ಲಿಯೂ ಪೆನ್ಸಿಲಿನ ಗುರುತುಗಳಿದ್ದವು. ಸಾಹುಕಾರನ ಮಾತು ಸಿನಿಮಾದ್ದು, ಬಿಟ್ಟುಬಿಡು. ನೀರಿಗೆ ಬರುವ ಮುದುಕಿಯ ಮಾತು ನಿನ್ನದು, ಬೆಳೆಸು ಎಂಬರ್ಥದಲ್ಲಿ ಬರೆದಿದ್ದರು. ಆ ಮುದುಕಿಯ ಮಾತು ನನ್ನ ಅಜ್ಜಿಯದು. ಎರಡು ಕಡೆಯಿಂದಲೂ ನನಗೆ ಬಂದುದು ತಿರಸ್ಕಾರವೇ. ಆದರೆ ಒಂದು ನನ್ನನ್ನು ಮೂರು ತಿಂಗಳು ಮೂಕನನ್ನಾಗಿ ಮಾಡಿತು. ಇನ್ನೊಂದು ಆ ರಾತ್ರಿಯೇ ನನ್ನನ್ನು ಮೇಜಿನ ಮುಂದೆ ಕೂಡಿಸಿತು. ಆಶ್ರಯವೆಂದರೆ ಏನೆಂಬುದು ಲೇಡಿ ಗ್ರೆಗರಿಯವರ ಚರಿತ್ರೆಯಿಂದ ನನಗೆ ತಿಳಿಯಿತೆನ್ನುವುದಕ್ಕಿಂತ, ಆ ಪೆನ್ಸಿಲಿನ ಗುರುತುಗಳಿಂದ ಅವರ ಚರಿತ್ರೆ ನನಗೆ ಅರ್ಥವಾಯಿತೆನ್ನುವುದೇ ಸರಿ.

1925ರಲ್ಲಿ ಹೊಸ ಐರಿಷ್ ಸರ್ಕಾರವು ಆಬಿಗೆ 850 ಪೌಂಡುಗಳ ಸಹಾಯಧನ ಕೊಟ್ಟಿತು. ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಸರ್ಕಾರದ ನೆರವು ಪಡೆದ ಮೊದಲ ನಾಟಕಶಾಲೆ ಇದೇ ಎನ್ನುತ್ತಾರೆ. ಹಣದ ಜೊತೆಗೆ ಸರ್ಕಾರದ ಪ್ರತಿನಿಧಿಯೊಬ್ಬರೂ ನಿರ್ದೇಶಕ ಮಂಡಲಿಗೆ ಬಂದರು. ಓಕೇಸಿಯವರ 'ದಿ ಪ್ಲೌ ಅಂಡ್ ದಿ ಸ್ಟಾರ್ಸ್' ನಾಟಕದಲ್ಲಿ ವೇಶ್ಯೆಯ ಪಾತ್ರವಿದೆ, ಒರಟು ಮಾತುಗಳಿವೆ ಎಂದು ಅವರು ಆಕ್ಷೇಪಿಸಿದರು. ಸಹಾಯಧನವೋ ಸ್ವಾತಂತ್ರ್ಯವೋ ಎಂಬ ಪ್ರಶ್ನೆ ಬಂದರೆ ನಮ್ಮ ಆಯ್ಕೆ ಸ್ವಾತಂತ್ರ್ಯವೇ ಎಂಬುದು ಲೇಡಿ ಗ್ರೆಗರಿಯವರ ನಿಲುವು. ಒಂದೊಂದು ಪೌಂಡಿಗೂ ಇಪ್ಪತ್ತು ವರ್ಷ ಕಾಗದ ಬರೆದು ಬೇಡಿದ ಮುದುಕಿಯ ನಿಲುವು ಇದು. 1926ರ ಫೆಬ್ರವರಿಯಲ್ಲಿ ನಾಟಕ ನಡೆಯಿತು, 1907ರಂತೆಯೇ ಗಲಭೆಯಾಯಿತು, ಈ ಸಲವೂ ನಾಟಕವನ್ನು ನಿಲ್ಲಿಸಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಜೀವನ ಚರಿತ್ರೆಯನ್ನು ಬರೆಯುವವನು ಹಿತವಾದ ಕಡೆ ನಿಲ್ಲುವಂತಿಲ್ಲ. ಓಕೇಸಿ 1926ರಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದರು. 1928ರಲ್ಲಿ 'ದಿ ಸಿಲ್ವರ್ ಟಾಸಿ' ಎಂಬ ಹೊಸ ನಾಟಕವನ್ನು ಆಬಿಗೆ ಕಳುಹಿಸಿದರು. ಮಹಾಯುದ್ಧದ ಭೀಕರತೆಯನ್ನು ಹೊಸದೊಂದು ರೀತಿಯಲ್ಲಿ ತೋರಿಸುವ ನಾಟಕ. ಹಿಂದಿನ ಮೂರು ನಾಟಕಗಳ ಹಾಗಿರಲಿಲ್ಲ. ಯೇಟ್ಸರಿಗೆ ಹಿಡಿಸಲಿಲ್ಲ, ಲೇಡಿ ಗ್ರೆಗರಿಯವರಿಗೂ ಹಿಡಿಸಲಿಲ್ಲ. ನಾಟಕ ತಿರಸ್ಕೃತವಾಯಿತು. ಯೇಟ್ಸರ ಕಟುವಾದ ಪತ್ರವನ್ನು ಓಕೇಸಿಗೆ ಕಳುಹಿಸಿಕೊಟ್ಟವರು ಲೇಡಿ ಗ್ರೆಗರಿಯವರೇ. ಪ್ರಾಮಾಣಿಕವಾದ ವಿಮರ್ಶೆಯಿಂದ ಹಿಂದಿನಂತೆ ಒಳ್ಳೆಯದೇ ಆದೀತೆಂದು ಅವರು ನಂಬಿದ್ದಿರಬೇಕು. ಓಕೇಸಿ ಕೆರಳಿ ಪತ್ರವ್ಯವಹಾರವನ್ನೆಲ್ಲ ಪತ್ರಿಕೆಗಳಿಗೆ ಕೊಟ್ಟುಬಿಟ್ಟರು. 1929ರಲ್ಲಿ ಲಂಡನ್ನಿನಲ್ಲಿ ಆ ನಾಟಕವನ್ನು ನೋಡಿದ ಮೇಲೆ, ಅದನ್ನು ಆಬಿ ಸ್ವೀಕರಿಸಬೇಕಾಗಿತ್ತೆಂದು ಲೇಡಿ ಗ್ರೆಗರಿಗೆ ಪಶ್ಚಾತ್ತಾಪವಾಯಿತು. ಓಕೇಸಿಯವರನ್ನು ಕಾಣಬಯಸಿದರು, ನೊಂದಿದ್ದ ಓಕೇಸಿ ಒಪ್ಪಲಿಲ್ಲ. ಅವರಿಬ್ಬರೂ ಮತ್ತೆ ಕೂಡಲಿಲ್ಲ. ಆಬಿ ಆ ನಾಟಕವನ್ನು 1935ರಲ್ಲಿ ಆಡಿತು. ಅದನ್ನು ನೋಡಲು ಆಕೆ ಇರಲಿಲ್ಲ.

ಈ ತಪ್ಪು ಏಕಾಯಿತು? ನನ್ನ ಅಲ್ಪಮತಿಗೆ ತೋರುವುದು ಇಷ್ಟು. ಹೊಸಬನಿಗೆ ನಿನ್ನ ಶಕ್ತಿ ಇಂಥಲ್ಲಿದೆಯೆಂದು ತೋರಿಸುವುದು ದೊಡ್ಡ ಉಪಕಾರ. ಆದರೆ ಅವನು ಬೆಳೆದ ಮೇಲೂ ನಿನ್ನ ಶಕ್ತಿ ಅಲ್ಲೇ ಇದೆ, ಬೇರೆಡೆಗೆ ಹೋಗಬೇಡವೆಂದರೆ ಅದೇ ಉಪಕಾರವು ಸಂಕೋಲೆಯಾಗುತ್ತದೆ. 1907ರಲ್ಲಿ ತಮಗೆ ಹಿಡಿಸದ ನಾಟಕಕ್ಕಾಗಿ ಗಲಭೆಯನ್ನೆದುರಿಸಿದ ಅದೇ ಹೆಂಗಸು 1928ರಲ್ಲಿ ತಮಗೆ ಹಿಡಿಸದ ನಾಟಕಕ್ಕೆ ಬಾಗಿಲು ಮುಚ್ಚಿದರು. ಮೂವತ್ತು ವರ್ಷ ನೂರಾರು ಹೊಸಬರಿಗೆ ಬಾಗಿಲು ತೆರೆದ ಕೈ ಒಮ್ಮೆ ತಪ್ಪಿತು. ಆ ತಪ್ಪನ್ನು ತಾವೇ ಕಂಡುಕೊಂಡು ತಮ್ಮ ದಿನಚರಿಯಲ್ಲಿ ಒಪ್ಪಿಕೊಂಡರೆಂಬುದು ಅವರ ದೊಡ್ಡತನ.

ಆಕೆಯ ಕಡೆಯ ವರ್ಷಗಳು ದುಃಖದವು. ಸೋದರಳಿಯ ಹ್ಯೂ ಲೇನ್ 1915ರಲ್ಲಿ ಲೂಸಿಟೇನಿಯಾ ಹಡಗಿನೊಡನೆ ಮುಳುಗಿಹೋಗಿದ್ದರು. ಒಬ್ಬನೇ ಮಗ ರಾಬರ್ಟ್ ವಿಮಾನ ದಳದಲ್ಲಿದ್ದು 1918ರ ಜನವರಿಯಲ್ಲಿ ಇಟಲಿಯಲ್ಲಿ ಮಡಿದನು. 1927ರಲ್ಲಿ ಕೂಲ್ ಆಸ್ತಿಯನ್ನು ಅರಣ್ಯ ಇಲಾಖೆಗೆ ಮಾರಿ, ತಮ್ಮದೇ ಮನೆಯಲ್ಲಿ ಬಾಡಿಗೆಗೆ ಉಳಿದರು. ಕ್ಯಾನ್ಸರ್ ರೋಗಕ್ಕೆ ಹಲವು ಸಲ ಶಸ್ತ್ರಚಿಕಿತ್ಸೆಯಾಯಿತು. ಆದರೂ ರೈಲಿನ ಮೂರನೆಯ ತರಗತಿಯಲ್ಲಿ ಡಬ್ಲಿನ್ನಿಗೆ ಬಂದು, ಬರುವಾಗ ಊರಿನಿಂದ ದೊಡ್ಡ ಹಣ್ಣಿನ ರೊಟ್ಟಿಯನ್ನು ತಂದು ನಟರಿಗೆಲ್ಲ ಹಂಚುತ್ತಿದ್ದರಂತೆ. 1932ನೆಯ ಇಸವಿ ಮೇ 22ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಕೂಲ್ ಮನೆಯಲ್ಲಿಯೇ ನಿಧನರಾದರು.

ಆ ಮನೆಯನ್ನು 1941ರಲ್ಲಿ ಕೆಡವಿಬಿಟ್ಟರು. ಆದರೆ ತೋಟದಲ್ಲಿ ಒಂದು ದೊಡ್ಡ ಬೀಚ್ ಮರ ಉಳಿದಿದೆ. ಮನೆಗೆ ಬಂದ ಲೇಖಕರಿಂದ, ಕಲಾವಿದರಿಂದ ಅದರ ತೊಗಟೆಯ ಮೇಲೆ ಹೆಸರಿನ ಮೊದಲಕ್ಷರಗಳನ್ನು ಕೊರೆಯಿಸುವುದು ಆಕೆಯ ವಾಡಿಕೆಯಾಗಿತ್ತು. ಯೇಟ್ಸ್, ಸಿಂಜ್, ಹೈಡ್, ಷಾ, ಓಕೇಸಿ ಎಲ್ಲರ ಅಕ್ಷರಗಳೂ ಅಲ್ಲಿವೆ. ಕಲ್ಲಿನ ಮನೆ ಹೋಯಿತು, ಮರ ನಿಂತಿತು.

ನಮ್ಮ ಕಾಲೇಜಿನ ನಾಟಕ ಸಂಘಕ್ಕೆ ಪ್ರತಿವರ್ಷವೂ ಕೆಲವರು ಅಳುಕುತ್ತ ತಮ್ಮ ಬರಹವನ್ನು ತಂದುಕೊಡುತ್ತಾರೆ. ನಾನು ಈ ವರ್ಷ ಕಾಲೇಜು ಬಿಡುವವನು. ಮುಂದೆ ಬರುವವರಲ್ಲಿ ಒಂದೇ ಒಂದು ವಿಜ್ಞಾಪನೆ. ಎಲ್ಲ ಬರಹವನ್ನೂ ಆಡಬೇಕಾಗಿಲ್ಲ, ಎಲ್ಲವನ್ನೂ ಹೊಗಳಬೇಕಾಗಿಲ್ಲ. ಆದರೆ ಪೂರ್ತಿಯಾಗಿ ಓದಿ, ಕಾರಣ ಬರೆದು, ಹಿಂದಿರುಗಿಸಿ. ಅದಕ್ಕೆ ಕೂಲ್ ಮನೆಯಂಥ ಬಂಗಲೆ ಬೇಕಿಲ್ಲ, 500 ಪೌಂಡೂ ಬೇಕಿಲ್ಲ. ಒಂದು ದೀಪ, ಒಂದು ಪೆನ್ಸಿಲು, ಒಂದು ರಾತ್ರಿಯ ಹೊತ್ತು ಇದ್ದರೆ ಸಾಕು.